ಷಣ್ಮುಖಪ್ಪನವರ ಕ್ಯಾರಿಯರ್ ವ್ರತ

ಎಪ್ಪತ್ತೊಂಬತ್ತರ ದೀಪಾವಳಿ ಮುಗಿದ ವಾರ ಶಿರಸ್ತೇದಾರ್ ಷಣ್ಮುಖಪ್ಪನವರು ಹೊನ್ನಾಳಿಯಿಂದ ಜಗಳೂರಿಗೆ ವರ್ಗವಾಗಿ ಹೊರಟರು. ಮಕ್ಕಳ ಶಾಲೆಗಾಗಿ ಊರಲ್ಲೇ ಉಳಿದ ಹೆಂಡತಿಗೆ, ಬಸ್ಸಿನ ಬಾಗಿಲಲ್ಲಿ ನಿಂತು ರಾಜಘೋಷಣೆ ಹೊರಡಿಸಿದರು.

"ನೋಡ್ತಿರು ನಿರ್ಮಲಾ, ಯುಗಾದಿಗೆ ಬಂದಾಗ ನನ್ನ ಗುರುತು ಹಿಡಿಯಾಕೆ ನೀನು ಕನ್ನಡಕ ಹಾಕ್ಕಬೇಕು. ಹಂಗೆ ಇಳಿದಿರ್ತೀನಿ!"

"ಮೊದ್ಲು ಒಳಕ್ಕೆ ಹೋಗ್ರಿ. ನೀವು ಬಾಗಿಲಾಗೆ ನಿಂತ್ರೆ ಬೇರೆಯೋರು ಹತ್ತೋದು ಹೆಂಗೆ?"

ಘೋಷಣೆಗೆ ಕಾರಣವಿತ್ತು. ರಕ್ತದಲ್ಲಿ ಸಕ್ಕರೆ ಇಣುಕುತ್ತಿದೆ, ಯುಗಾದಿಯೊಳಗೆ ನಾಲ್ಕು ಕಿಲೋ ಇಳಿಸದಿದ್ದರೆ ಬದುಕಿರೋತನಕ ಗುಳಿಗೆ ಎಂದು ಡಾಕ್ಟರು ಹೇಳಿದ್ದರು. ತಹಶೀಲ್ದಾರರಿಗೂ ಹೆದರದ ಷಣ್ಮುಖಪ್ಪನವರು ಗುಳಿಗೆ ಕಂಡರೆ ಬೆವರುತ್ತಿದ್ದರು.

ಜಗಳೂರಿನ ಒಂಟಿ ಕೋಣೆಯಲ್ಲಿ ಮೊದಲ ವಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯಲ್ಲೇ ಕಳೆಯಿತು. ಆಮೇಲೆ ಬುದ್ಧಿ ಬಂತು. ಮನೆಯಲ್ಲೇ ಖಾನಾವಳಿ ನಡೆಸುತ್ತಿದ್ದ ಕೆಂಪಕ್ಕನಿಗೆ ಹೇಳಿ ಕಳಿಸಿದರು: ಎರಡು ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಒಂದು ಹಿಡಿ ಅನ್ನ, ನೀರು ಮಜ್ಜಿಗೆ, ಇಷ್ಟೇ. ಕಚೇರಿಯ ಜವಾನ ಬೈಲಪ್ಪ ಕ್ಯಾರಿಯರ್ ತಂದುಕೊಡುವುದೆಂದಾಯಿತು.

ಷಣ್ಮುಖಪ್ಪನವರದು ಉಂಡ ತಟ್ಟೆ ತೊಳೆದು, ಆ ನೀರನ್ನೂ ಕುಡಿದು ಏಳುವ ಮನೆತನ. ಒಂದು ಅಗುಳು ಬಿಟ್ಟವರಲ್ಲ. ಕ್ಯಾರಿಯರ್ ಕನ್ನಡಿಯಂತೆ ಹೊಳೆಯುತ್ತ ವಾಪಸ್ಸು ಹೋಯಿತು. ಕೆಂಪಕ್ಕನ ಮನೆತನದ ನೀತಿ ಬೇರೆ: ತಟ್ಟೆ ಬರಿದಾಯಿತೆಂದರೆ ಉಣ್ಣುವವರ ಹೊಟ್ಟೆ ತುಂಬಿಲ್ಲ, ಬಡಿಸಬೇಕು. ಮರುದಿನ ಮೂರು ರೊಟ್ಟಿ ಬಂದವು. ಕೈತಪ್ಪಿ ಬಂದಿರಬೇಕು, ಪಾಪ, ಹೆಣ್ಣುಮಗಳ ಶ್ರಮ ಹಾಳಾಗಬಾರದು ಎಂದು ಅವರು ಅದನ್ನೂ ಮುಗಿಸಿದರು. ಅದರ ಮರುದಿನ ನಾಲ್ಕು.

ಸಾಕಾಗ್ತದೆ ಎಂದು ಬೈಲಪ್ಪನ ಕೈಲಿ ಹೇಳಿಸಿದರು. ಮರ್ಯಾದಸ್ಥರು ಯಾವಾಗಲೂ ಸಾಕು ಅಂತಲೇ ಅನ್ನುವುದು, ನಾವೇ ಒತ್ತಾಯ ಮಾಡಬೇಕು ಎಂದು ಕೆಂಪಕ್ಕ ಶೇಂಗಾ ಹೋಳಿಗೆ ಸೇರಿಸಿದಳು. ಮೂರು ಡಬ್ಬಿಯ ಕ್ಯಾರಿಯರ್ ಐದು ಡಬ್ಬಿಯ ಗೋಪುರವಾಯಿತು. ಬೈಲಪ್ಪ ದಾರಿಯಲ್ಲಿ ಎರಡು ಸಲ ಇಳಿಸಿ ಸುಧಾರಿಸಿಕೊಂಡು ಬರತೊಡಗಿದ.

ಸಂಕ್ರಾಂತಿ ಕಳೆದ ಮೇಲೆ ಷಣ್ಮುಖಪ್ಪನವರು ನಾಗರಾಜಪ್ಪನ ಶೇಂಗಾ ಮಂಡಿಗೆ ಹೋಗಿ, ಚೀಲ ತೂಗುವ ಯಂತ್ರದ ಮೇಲೆ ನಿಂತರು. ಇಳಿಯಬೇಕಾದ ಕಡೆ ಮೂರು ಕಿಲೋ ಏರಿತ್ತು.

"ಜಗಳೂರು ಭಾಳ ಚೆನ್ನಾಗಿ ಒಗ್ಗೈತೆ ಬಿಡ್ರಿ ಸಾಹೇಬ್ರೆ," ಎಂದ ನಾಗರಾಜಪ್ಪ ಅಭಿಮಾನದಿಂದ.

ಅಲ್ಲಿಂದ ನೆಟ್ಟಗೆ ಕೆಂಪಕ್ಕನ ಮನೆಗೆ ದಂಡಯಾತ್ರೆ! ಆಕೆ ಚಾಪೆ ಹಾಸಿ ಕೂರಿಸಿದಳು. ನಾಳೆಯಿಂದ ಅರ್ಧ ಊಟ ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ ಆಕೆಯೇ ಮಾತು ತೆಗೆದಳು.

"ನಿಮಗಿಂತ ಮುಂಚೆ ಒಬ್ರು ಮೇಷ್ಟ್ರು ಇದ್ರು. ವರ್ಷ ಪೂರ್ತಿ ಉಂಡ್ರು, ಮೈ ಹತ್ತಲಿಲ್ಲ. ಕಡ್ಡಿಯಂಗೆ ಬಂದೋರು ಕಡ್ಡಿಯಂಗೇ ಹೋದ್ರು. ಕೆಂಪಕ್ಕನ ಊಟದಾಗೆ ಸತ್ವ ಇಲ್ಲ ಅಂತ ಊರೆಲ್ಲ ಆಡ್ಕಂಡ್ರು. ಒಲೆ ಆರಿಸಿ ಕೂಲಿಗೆ ಹೋಗಾನ ಅಂತಿದ್ದೆ. ಅಷ್ಟರಾಗೆ ನೀವು ಬಂದ್ರಿ. ಈಗ ನಿಮ್ಮನ್ನ ನೋಡಿ ಬ್ಯಾಂಕಿನೋರಿಬ್ರು, ಕಂಡಕ್ಟರ್ ಒಬ್ರು ಊಟ ಹೇಳ್ಯಾರೆ. ನನಗೆ ಬೋರ್ಡು ಬರೆಸಾಕೆ ಆಗಲಿಲ್ಲ ಸಾಹೇಬ್ರೆ. ನೀವೇ ನನ್ನ ಬೋರ್ಡು."

ಷಣ್ಮುಖಪ್ಪನವರು ಅರ್ಧ ಊಟದ ಯೋಚನೆ ಕೈಬಿಟ್ಟರು. ಆಕೆ ಸೆರಗಿನ ತುದಿ ತಿರುಚುತ್ತ ಇನ್ನೊಂದು ಮಾತು ಕೇಳಿದಳು.

"ನೀವು ಕೋಣೆ ಬಿಟ್ರೆ ಕಚೇರಿ. ದಿನಾ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಕಡೆ, ಸಂಜೆ ಪೇಟೆ ಕಡೆ ಒಂದೊಂದು ಸುತ್ತು ಬರಾಕೆ ಆಗ್ತೈತಾ? ಇನ್ನೂ ನಾಕು ಜನ ನೋಡ್ಲಿ."

ಆಗಲ್ಲ ಎನ್ನುವುದು ಹೇಗೆ? ಮರುದಿನದಿಂದ ಜಗಳೂರಿನ ರಸ್ತೆಗಳಲ್ಲಿ ಷಣ್ಮುಖಪ್ಪನವರ ಸವಾರಿ ಹೊರಟಿತು. ಬೆಳಿಗ್ಗೆ ಎರಡು ಮೈಲಿ, ಸಂಜೆ ಎರಡು ಮೈಲಿ. ಸಂತೆಯ ದಿನ ಕೆಂಪಕ್ಕನ ಹೇಳಿಕೆಯ ಮೇರೆಗೆ ಇನ್ನೊಂದು ಸುತ್ತು. ಕೆಂಪಕ್ಕನಿಗೆ ಹನ್ನೊಂದು ಗಿರಾಕಿಗಳಾದರು.

ಯುಗಾದಿಗೆ ನಾಲ್ಕು ದಿನವಿರುವಾಗ ಮಂಡಿಯ ಯಂತ್ರ ನೋಡಿ ಷಣ್ಮುಖಪ್ಪನವರಿಗೆ ಕಣ್ಣು ತುಂಬಿ ಬಂತು. ಏರಿದ್ದೂ ಇಳಿದು, ಡಾಕ್ಟರು ಹೇಳಿದ ನಾಲ್ಕೂ ಇಳಿದಿತ್ತು! ಗುಳಿಗೆ ತಪ್ಪಿತು! ತಮ್ಮ ಮನೋಬಲವನ್ನು ತಾವೇ ಹೊಗಳಿಕೊಳ್ಳುತ್ತ ಹೊರಬಂದರೆ, ಬಾಗಿಲಲ್ಲಿ ಹೋಳಿಗೆಗೆ ಶೇಂಗಾ ಕೊಳ್ಳಲು ಬಂದಿದ್ದ ಕೆಂಪಕ್ಕ. ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿ ಗಾಬರಿಯಾದಳು.

"ಸಾಹೇಬ್ರೆ, ಕೈ ಮುಗೀತೀನಿ, ಓಡಾಡೋದು ನಿಲ್ಲಿಸ್ರಿ. ನನ್ನ ಬೋರ್ಡು ಅಳಿಸಿ ಹೋಗ್ತಾ ಐತೆ!"