ಕಾಕಾನ ಬೆರಳು, ಊರಿನ ಕರ

ಅದು ಎಂದಿನಂಥದೇ ಒಂದು ಸೋಮವಾರ. ಕಾಕಾ ಚಿತ್ತಾಪುರದ ನನ್ನ ಹೊಸ ಮನೆಗೆ ಬಂದು, ಬಾಗಿಲಿಗೆ ಮಡಿಚಿದ ಬೆರಳಿನಿಂದ ಬಡಿದು, ಕಿವಿಗೊಟ್ಟು ಕೇಳಿ, "ಗಟ್ಟಿ ಅದ" ಎಂದರು. ಚಹಾ ಕುಡಿದು ನಮ್ಮೂರು ಭಂಕೂರಿಗೆ ಹೊರಟರು. ಮರುದಿನ ಬೆಳಗ್ಗೆ ಅವರು ಏಳಲಿಲ್ಲ.

ತಮ್ಮ ಮೇಲೇ ಕರ ಹಾಕಿ ಎಂದು ಊರೊಡನೆ ಜಗಳಕ್ಕೆ ನಿಂತವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನನ್ನ ತಂದೆಯ ತಮ್ಮ, ನಮ್ಮ ಕಾಕಾ! ಗಣಿಯ ಹಾಸುಗಲ್ಲುಗಳನ್ನು ಬಂಡಿಯಲ್ಲಿ ಶಹಾಬಾದಿಗೆ ಸಾಗಿಸುವುದು ಅವರ ಕೆಲಸ. ಬೆರಳಿನಿಂದ ಬಡಿದರೆ ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಒಡಕು ಕಲ್ಲು ದಬ್ ಎನ್ನುತ್ತದೆ. ಆ ಚಟ ಗಣಿಯಲ್ಲೇ ಉಳಿಯಿತೆ? ಕೊಡ, ಕಲ್ಲಂಗಡಿ, ಬೀಗರ ಟ್ರಂಕು, ಎಲ್ಲಕ್ಕೂ ಅದೇ ಬೆರಳು.

ನಮ್ಮ ಶಾಲೆಯ ಎರಡನೆಯ ಮಾಸ್ತರರಿಗೆ ಸರಕಾರದ ಸಂಬಳವಿರಲಿಲ್ಲ. ಊರೇ ಕೊಡಬೇಕಿತ್ತು, ಕೊಟ್ಟಿರಲಿಲ್ಲ. ಅವರು ಊರು ಬಿಡಲು ಹಾಸಿಗೆ ಸುತ್ತಿದ್ದರು. ಹೋದರೆ ನನ್ನ ಓದು ನಾಲ್ಕನೆಯ ತರಗತಿಗೇ ಮುಗಿಯುತ್ತಿತ್ತು. ಪಂಚಾಯತಿ ಸಭೆಯಲ್ಲಿ ಕಾಕಾ ಎದ್ದು, ಗಣಿಯಿಂದ ಹೊರಡುವ ಪ್ರತಿ ಬಂಡಿಯೂ ಒಂದು ಕಲ್ಲನ್ನು ಶಾಲೆಯ ಮುಂದೆ ಇಳಿಸಲಿ, ಮಾರಿ ಸಂಬಳ ಕೊಡೋಣ ಎಂದರು.

"ನಿನಗ ಮಕ್ಕಳಿಲ್ಲ ಮರಿಯಿಲ್ಲ. ನಿನಗ್ಯಾಕೋ ಈ ಉಸಾಬರಿ?" ಎಂದರು ಗಣಿಯ ಸಾಹುಕಾರರು.

"ಮಕ್ಕಳಿಲ್ಲದಾಂವ ಕೊಡ್ಲಿಕತ್ತೀನ್ರಿ. ಇದ್ದೋರಿಗೇನು ಬ್ಯಾನಿ?"

ಸಭೆ ಒಪ್ಪಿತು. ಒಪ್ಪಿ, ಒಡಕು ಕಲ್ಲುಗಳನ್ನೇ ಇಳಿಸತೊಡಗಿತು! ಕಾಕಾ ಶಾಲೆಯ ಬಾಗಿಲಲ್ಲಿ ನಿಂತು ಒಂದೊಂದನ್ನೂ ಬಡಿದರು. ಮೊದಲು ತಿರುಗಿಸಿ ಕಳಿಸಿದ್ದು ನಮ್ಮಪ್ಪನ ಬಂಡಿಯನ್ನು. ಅಪ್ಪ ಮಾತು ಬಿಟ್ಟರು. ಕಾಕಾ ಮನೆಗೇ ಬಂದು ಅಪ್ಪನ ಬೆನ್ನಿಗೆ ಬೆರಳು ಬಡಿದು, "ಅಣ್ಣ ಗಟ್ಟಿ ಇದ್ದಾನ. ಕಲ್ಲಷ್ಟೇ ಒಡಕು" ಎಂದರು. ಅಪ್ಪ ನಗು ತಡೆಯಲು ಎದ್ದು ಹೋದರು.

ಆಮೇಲೆ ಸಾಹುಕಾರರ ಸರದಿ.

"ಪುಕ್ಕಟೆ ಕೊಟ್ಟಿದ್ದರಾಗೂ ಆರಿಸ್ತೀಯೇನೋ?"

"ಪುಕ್ಕಟೆ ಅಲ್ರಿ, ಕರ ಅದು. ಮಾಸ್ತರು ನಿಮ್ಮ ಹುಡುಗ್ರಿಗಿ ಒಡಕು ಲೆಕ್ಕ ಕಲಿಸ್ಬೇಕೇನು?"

ಸಾಹುಕಾರರ ಬಂಡಿ ಹೊಡೆಯುವವನೇ ನಕ್ಕುಬಿಟ್ಟ. ಮರುದಿನ ಅವರ ಕಲ್ಲು ಠಣ್ ಎಂದಿತು. ಮಾಸ್ತರರು ಸುತ್ತಿದ ಹಾಸಿಗೆ ಬಿಚ್ಚಿದರು. ಮಾಸ್ತರರು ಸುತ್ತಿದ ಹಾಸಿಗೆ ಬಿಚ್ಚಿದರು.

ಅದರಿಂದಲೇ ನಾನು ಓದಿದೆ. ಈಗ ನಾನೂ ಶಾಲೆಯಲ್ಲಿ ಪಾಠ ಹೇಳುತ್ತೇನೆ. ನೌಕರಿಯ ಆದೇಶ ಬಂದ ದಿನ ಕಾಕಾ ನನ್ನ ನೆತ್ತಿಗೆ ಮೆಲ್ಲಗೆ ಬಡಿದು, ಕಿವಿಗೊಟ್ಟು, ಕಣ್ಣೊರೆಸಿಕೊಂಡಿದ್ದರು.

ಬಂದವರೆಲ್ಲ ಈಗ ಚಿಲಕ ಬಡಿಯುತ್ತಾರೆ. ಬಾಗಿಲಿಗೆ ಆ ಬೆರಳಿನ ಸದ್ದಿಲ್ಲ.