ಬಾಣಂತಿಗಿಂತ ಬೆಚ್ಚಗಿದ್ದವನ ಸೈಕಲ್ ಸವಾರಿ

ಕೆಲವರು ಹಾವಿಗೆ ಹೆದರುತ್ತಾರೆ, ಕೆಲವರು ಪೊಲೀಸರಿಗೆ, ಇನ್ನು ಕೆಲವರು ಹೆಂಡತಿಗೆ. ಈ ಮೂರೂ ಹೆದರಿಕೆಗಳಿಗೆ ಸಮಾಜದಲ್ಲಿ ಒಂದು ಮರ್ಯಾದೆಯಿದೆ. ಹೇಳಿಕೊಂಡರೆ ನಾಲ್ಕು ಜನ ಹೌದೆಂದು ತಲೆದೂಗುತ್ತಾರೆ. ನಾನು ಹೆದರುವುದು ಥಂಡಿಗೆ. ಅದರಲ್ಲೂ ಕಿವಿಯ ಹಿಂದೆ ಸುಮ್ಮನೆ ಸುಳಿದುಹೋಗುವ ಸಣ್ಣ ಗಾಳಿಗೆ. ಬಿರುಗಾಳಿಯಾದರೆ ಬಂದದ್ದು ಎಲ್ಲರಿಗೂ ಗೊತ್ತಾಗುತ್ತದೆ, ಈ ಸಣ್ಣ ಗಾಳಿ ಮಾತ್ರ ಯಾರಿಗೂ ಹೇಳದೆ ನನ್ನೊಬ್ಬನ ಎದೆಯನ್ನೇ ಹುಡುಕಿಕೊಂಡು ಬರುತ್ತದೆ ಎಂದು ನನ್ನ ನಂಬಿಕೆ. ಈ ನಂಬಿಕೆಯನ್ನು ನನ್ನಲ್ಲಿ ಬಿತ್ತಿದವಳು ನನ್ನ ಅವ್ವ. "ನಮ್ಮ ಹುಡುಗನ ಎದಿ ಅಗದಿ ನಾಜೂಕ ಐತ್ರಿ" ಎಂದು ಶಾಲೆಯ ಮಾಸ್ತರರಿಗೆ ನನ್ನ ಹೆಸರು ಹೇಳುವ ಮೊದಲೇ ಹೇಳಿದ್ದಳು. ಓರಗೆಯ ಹುಡುಗರು ಕೆರೆಯಲ್ಲಿ ಈಜು ಕಲಿಯುತ್ತಿದ್ದಾಗ ನಾನು ದಂಡೆಯ ಮೇಲೆ ಕೂತು ಅವರ ಅಂಗಿಗಳನ್ನು ಕಾಯುತ್ತಿದ್ದೆ. ಅವರಲ್ಲಿ ಒಬ್ಬರಿಗೂ ನೆಗಡಿಯಾಗಲಿಲ್ಲ. ದಂಡೆಯ ಮೇಲಿದ್ದ ನನಗೆ ಆಗುತ್ತಿತ್ತು.

ದೊಡ್ಡವನಾದ ಮೇಲೆ ಸಿಕ್ಕ ನೌಕರಿಯೂ ಈ ಹೆದರಿಕೆಗೆ ನೀರೆರೆಯುವಂಥದ್ದೇ. ಎಪ್ಪತ್ತರ ದಶಕದಲ್ಲಿ ನಾನು ಗುಡಗೇರಿಯ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಜೋಳ, ಕಡಲೆ, ಒಣಮೆಣಸಿನಕಾಯಿ ಚೀಲಗಳು ಬಂದು ಬೀಳುವ ಜಾಗ. ಅಲ್ಲಿ ದಿನವಿಡೀ ಕೇಳುತ್ತಿದ್ದ ಮಾತು ಒಂದೇ: "ತಾಡಪತ್ರಿ ಹೊಚ್ಚ್ರಿ! ಮಾಲ ನೆನದೀತು!" ಮಾಲೀಕರು ಆಕಾಶದಲ್ಲಿ ಅಂಗೈಯಗಲದ ಮೋಡ ಕಂಡರೂ ಕೂಗುತ್ತಿದ್ದರು. ಹಸಿಯಾದ ಮೆಣಸಿನಕಾಯಿಗೆ ಬೂಷ್ಟು ಹಿಡಿದು ಅದು ಕಪ್ಪಾಗುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಮೆಣಸಿನಕಾಯಿಗೇ ಹೀಗಾದರೆ ಮನುಷ್ಯನ ಪುಪ್ಪುಸದ ಗತಿಯೇನು ಎಂದು ಯೋಚಿಸುತ್ತ ಮನೆಗೆ ಹೋಗುತ್ತಿದ್ದೆ.

ಹೀಗಾಗಿ ಚಳಿಗಾಲದಲ್ಲಿ ಸೈಕಲ್ ಹತ್ತುವುದೆಂದರೆ ನನಗೆ ದಂಡಯಾತ್ರೆಗೆ ಹೊರಟಂತೆ. ಬನಿಯನ್ನಿನ ಮೇಲೆ ಹಳೆಯ ಪೇಪರಿನ ಎರಡು ಪದರು, ಅದರ ಮೇಲೆ ಟೆರಿಲಿನ್ ಅಂಗಿ, ಅಂಗಿಯ ಮೇಲೆ ಮಾವನವರ ಕರಿ ಕೋಟು, ಕೊರಳಿಗೆ ಮಫ್ಲರು, ತಲೆಗೆ ಮಂಕಿ ಟೊಪ್ಪಿಗೆ, ಕಿವಿಯಲ್ಲಿ ಅರಳೆ. ಮಳೆ ಬಂದರೆ ಇರಲಿ ಎಂದು ಯೂರಿಯಾ ಚೀಲದೊಳಗಿನ ಪ್ಲಾಸ್ಟಿಕ್ಕನ್ನು ಮಡಚಿ ಮಾಡಿದ ಕೊಪ್ಪೆ. ಸೈಕಲ್ಲಿಗೂ ನಾನು ಕಡಿಮೆ ಮಾಡಿರಲಿಲ್ಲ. ಕೆಸರು ಸಿಡಿಯಬಾರದೆಂದು ಎರಡೂ ಗಾಲಿಗೆ ಅಗಲವಾದ ಮಡ್‌ಗಾರ್ಡು ಹಾಕಿಸಿ, ಅವಕ್ಕೆ ನೆಲ ಮುಟ್ಟುವ ಹಾಗೆ ರಬ್ಬರಿನ ಪಟ್ಟಿ ಜೋತುಬಿಡಿಸಿದ್ದೆ. ನಮ್ಮ ಕಡೆಯ ರೈತರು ಮಳೆಗಾಲ ಬಂದಕೂಡಲೇ ಸೈಕಲ್ಲಿನ ಮಡ್‌ಗಾರ್ಡು ಬಿಚ್ಚಿ ಅಟ್ಟಕ್ಕೆ ಹಾಕುತ್ತಾರೆ. ನಾನು ಅದನ್ನು ಅವರ ಉಡಾಫೆ ಎಂದುಕೊಂಡಿದ್ದೆ.

ಆ ವರ್ಷ ನನ್ನ ಹೆಂಡತಿ ನೀಲವ್ವ ಚೊಚ್ಚಲ ಬಾಣಂತನಕ್ಕೆ ತವರುಮನೆ ಯರಗುಪ್ಪಿಗೆ ಹೋಗಿದ್ದಳು. ಹೆಣ್ಣು ಕೂಸು. ಐದು ತಿಂಗಳು ತುಂಬಿತು, ಮಾಗಿಯ ಚಳಿ ಬಂತು, ತೊಟ್ಟಿಲು ನಮ್ಮ ಮನೆಗೆ ಬರುವ ದಿನ ಬಂತು. ಅವ್ವ ಪಂಚಾಂಗ ನೋಡುವ ಅಯ್ಯನವರನ್ನು ಕೇಳಿದಳು. ಸೋಮವಾರ ಒಳ್ಳೆಯದಿದೆ, ಅದು ತಪ್ಪಿದರೆ ಸಂಕ್ರಾಂತಿ ಕಳೆಯುವ ತನಕ ಬೇಡ ಎಂದರು. ನಾನು ಸೈಕಲ್ ತುಳಿದು ಭಾನುವಾರವೇ ಯರಗುಪ್ಪಿ ಸೇರಿದೆ. ಮರುದಿನ ಮಾವನವರ ಚಕ್ಕಡಿಯಲ್ಲಿ ತಾಯಿ-ಮಗಳನ್ನು ಕೂರಿಸಿಕೊಂಡು ಬರುವುದು, ಸೈಕಲ್ಲನ್ನು ಚಕ್ಕಡಿಯ ಹಿಂದೆ ಕಟ್ಟುವುದು ಎಂದು ನನ್ನ ಲೆಕ್ಕ. ಚಕ್ಕಡಿಯ ಮಾತೆತ್ತಿದ ಕೂಡಲೇ ಅತ್ತೆ ಗಲ್ಲಕ್ಕೆ ಕೈಯಿಟ್ಟರು.

"ಅಳಿಯಂದ್ರ, ನಾಳಿ ಸೋಮಾರ ಅಲ್ಲೇನ್ರಿ? ಸೋಮಾರ ಎತ್ತ ಹೂಡತಾರೇನ್ರಿ ಯಾರರೆ?"

ನಾನು ಮರೆತೇಬಿಟ್ಟಿದ್ದೆ. ಸೋಮವಾರ ಬಸವಣ್ಣನ ದಿನ. ಅಂದು ಎತ್ತಿನ ಹೆಗಲ ಮೇಲೆ ನೊಗ ಇಡುವ ಮನೆ ಆ ಊರಲ್ಲಿ ಒಂದೂ ಇರಲಿಲ್ಲ. ಹೊರಡಲು ಇರುವುದೊಂದೇ ಒಳ್ಳೆಯ ದಿನ, ಅಂದೇ ಬಂಡಿಗೆ ರಜೆ. ದಿನ ತಪ್ಪಿಸಿದರೆ ಕೂಸಿಗೆ ಕೇಡೆಂದು ಅವ್ವನ ಹೆದರಿಕೆ, ಎತ್ತು ಹೂಡಿದರೆ ಕೂಸಿಗೆ ಕೇಡೆಂದು ಅತ್ತೆಯ ಹೆದರಿಕೆ. ಎರಡು ಹೆದರಿಕೆಗಳ ನಡುವೆ ಸಿಕ್ಕಿಬಿದ್ದ ನನಗೆ ಎಲ್ಲಿಂದಲೋ ಧೈರ್ಯ ಬಂದು, "ಸೈಕಲ್ ಮ್ಯಾಲೆ ಕರಕೊಂಡ ಹೋಗತೀನ್ರಿ" ಎಂದುಬಿಟ್ಟೆ. ಆಡಿದ ಮೇಲೆ ನನಗೇ ಗಾಬರಿಯಾಯಿತು. ಮದುವೆಯಲ್ಲಿ ಅವರೇ ಕೊಟ್ಟ ಸೈಕಲ್ಲು, ಬೇಡವೆನ್ನಲು ಅತ್ತೆಗೂ ಬಾಯಿ ಬರಲಿಲ್ಲ.

ಮರುದಿನ ಊಟ ಮುಗಿಸಿ, ಬಿಸಿಲು ಏರಿದ ಮೇಲೆ ಹೊರಟೆವು. ಅತ್ತೆ ಮಗಳ ಕಿವಿಗೆ ಅರಳೆ ತುರುಕಿ ತಲೆಗೆ ಬಟ್ಟೆ ಬಿಗಿದರು. ನಾನು ಮೆಲ್ಲಗೆ "ಅತ್ತಿ, ಆ ಅರಳಿ ಇನ್ನೊಂದ್ಚೂರು ಕೊಡ್ರಿ" ಎಂದು ಕೈಯೊಡ್ಡಿದೆ. ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು ನಮ್ಮಿಬ್ಬರನ್ನೂ ಮೇಲಿನಿಂದ ಕೆಳಗಿನ ತನಕ ನೋಡಿ, "ಯವ್ವಾ, ಅಳಿಯಾನೂ ಬಾಣಂತನಕ್ಕ ಬಂದಿದ್ನೇನ?" ಎಂದು ಕೇಳಿದಳು. ನೀಲವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಕೂಸನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಕ್ಯಾರಿಯರ್ ಮೇಲೆ ಕೂತಳು. ನಾನು ತುಳಿಯತೊಡಗಿದೆ.

ಅರ್ಧ ದಾರಿ ಸುಖವಾಗಿಯೇ ಸಾಗಿತು. ಆಮೇಲೆ ಬಿಸಿಲು ಹೋಯಿತು. ಮೂಡಣದಿಂದ ಒಂದು ಗಾಳಿ ಬಂತು, ಅದರ ಹಿಂದೆ ಮೋಡ. ಮಾಗಿಯಲ್ಲಿ ಮಳೆ ಬರಬಾರದು, ಬಂತು. ಎರೆಭೂಮಿಯಲ್ಲಿ ನಿಲ್ಲಲು ಒಂದು ಮರ ಸಿಗುವುದಿಲ್ಲ; ಕಣ್ಣು ಹಾಯುವ ತನಕ ಜೋಳ, ಕಡಲೆ, ಆಕಾಶ. ಅಲ್ಲೊಂದು ಜಾಲಿಗಿಡವಿತ್ತು, ಗುಡುಗಿಗೆ ಹೆದರಿ ಅದರ ಹತ್ತಿರ ಹೋಗಲಿಲ್ಲ. ಐದಾರು ಮಾರು ಹೋಗುವಷ್ಟರಲ್ಲಿ ಕರಿಮಣ್ಣು ಗಾಲಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ರಬ್ಬರಿನ ಪಟ್ಟಿಯನ್ನೂ ಒಳಗೆಳೆದುಕೊಂಡು ಗಾಲಿ ಗಪ್ಪನೆ ನಿಂತಿತು. ನೀಲವ್ವ ಕೂಸನ್ನೆತ್ತಿಕೊಂಡು ಕೆಳಗಿಳಿದಳು. ಜೋಳದ ದಂಟಿನಿಂದ ಕೆದರಿದೆ, ಬೆರಳಿನಿಂದ ಕೆದರಿದೆ. ಕೆದರಿದಷ್ಟೂ ಮಣ್ಣು. ಕೊನೆಗೆ ಸೈಕಲ್ಲನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡೆ. ಕಾಲಲ್ಲಿದ್ದ ಚಪ್ಪಲಿ ಮಣ್ಣಿನಲ್ಲೇ ಉಳಿಯಿತು.

ಆಗ ಕೂಸು ಅಳತೊಡಗಿತು. ಸೈಕಲ್ಲನ್ನು ಕೆಳಗಿಳಿಸಿ ನೋಡಿದೆ. ಮೇಲಿನ ಶಾಲು ನೆನೆದು ತೊಟ್ಟಿಕ್ಕುತ್ತಿತ್ತು. ನನ್ನ ತಲೆಯ ಮೇಲೆ ಪ್ಲಾಸ್ಟಿಕ್ಕಿನ ಕೊಪ್ಪೆ ಇತ್ತು. ಅದನ್ನು ತೆಗೆಯುವ ಮೊದಲು ನಾನು ಒಂದು ಗಳಿಗೆ ಯೋಚಿಸಿದೆ; ಸುಳ್ಳು ಯಾಕೆ ಹೇಳಲಿ. ಆ ಗಳಿಗೆಯನ್ನು ನೀಲವ್ವ ನೋಡಿದಳು. ನಾನು ಕೊಪ್ಪೆಯನ್ನು ತೆಗೆದು ಇಬ್ಬರ ಮೇಲೂ ಹೊದಿಸಿದೆ. ಒಮ್ಮೆ ತೆಗೆಯಲು ಶುರುಮಾಡಿದ ಮೇಲೆ ಕೈ ನಿಲ್ಲಲಿಲ್ಲ. ಒದ್ದೆ ಶಾಲನ್ನು ಎಸೆದು ಕೂಸಿಗೆ ಕೋಟು ಸುತ್ತಿದೆ. ಕೋಟಿನ ಮೇಲೆ ಮಫ್ಲರು. ಮಂಕಿ ಟೊಪ್ಪಿಗೆಯೊಳಗೆ ಅದರ ಎರಡೂ ಕಾಲು ಇಳಿಸಿದೆ. ಅಂಗಿಯೂ ಹೋಯಿತು. ನಡುಗುತ್ತ, ಬರೇ ಬನಿಯನ್ನಿನ ಮೇಲೆ ಮತ್ತೆ ಸೈಕಲ್ ಹೊತ್ತೆ. ಇನ್ನು ನಾನು ಉಳಿಯುವುದಿಲ್ಲ ಎಂಬುದು ಖಾತ್ರಿಯಾಗಿತ್ತು. ಕೂಸನ್ನು ಮನೆ ಮುಟ್ಟಿಸುವ ತನಕ ಉಳಿದರೆ ಸಾಕಿತ್ತು.

ತುಸು ದೂರ ಹೋಗುವಷ್ಟರಲ್ಲಿ ಅಳು ನಿಂತಿತು. ಅಳುವಾಗ ಹೆದರಿದ್ದು ಏನೂ ಅಲ್ಲ. ಅದು ಸುಮ್ಮನಾದದ್ದು ಅದಕ್ಕಿಂತ ಹೆಚ್ಚು ಹೆದರಿಸಿತು. ಹಿಂದೆ ತಿರುಗಿ ನೋಡಲು ಧೈರ್ಯವಾಗಲಿಲ್ಲ. ಮುಂದೆ ನೋಡುತ್ತಲೇ ಕೇಳಿದೆ, "ಯಾಕ ಸುಮ್ನಾತದು?"

"ಮಲಗೇತ್ರಿ."

"ಉಸಿರಾಡತೈತೇನ ನೋಡು."

"ಆಡತೈತ್ರಿ. ನೀವು ಸುಮ್ಮ ನಡೀರಿ."

ನಾಲ್ಕು ಹೆಜ್ಜೆಗೊಮ್ಮೆ ಕೇಳಿದೆ. ನಾಲ್ಕು ಹೆಜ್ಜೆಗೊಮ್ಮೆ ಅವಳು ಹೇಳಿದಳು. ಅವಳು ನನ್ನ ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದಾಳೆ ಎಂದು ಒಳಗೊಳಗೇ ಬೇಯುತ್ತ ನಡೆದೆ.

ಮೆಣಸಿನಗಿಡದ ಹೊಲದ ಅಂಚಿನಲ್ಲಿ ಒಂದು ಗುಡಿಸಲು ಕಂಡಿತು, ಹೊಗೆಯಾಡುತ್ತಿತ್ತು. ಒಳಗೆ ಹತ್ತಿ ಕಟ್ಟಿಗೆಯ ಬೆಂಕಿ, ಬಾಜು ಎರಡು ಎತ್ತು, ಎತ್ತುಗಳ ಮೈಮೇಲೆ ಕಂಬಳಿ, ಕಂಬಳಿಯಿಲ್ಲದೆ ಚಳಿ ಕಾಯಿಸುತ್ತ ಕೂತಿದ್ದ ಒಬ್ಬ ರೈತ. ಹೆಸರು ಕಲ್ಲಪ್ಪ ಎಂದು ಆಮೇಲೆ ತಿಳಿಯಿತು. ಹೆಗಲ ಮೇಲೆ ಸೈಕಲ್ ಹೊತ್ತು ಬನಿಯನ್ನಿನಲ್ಲಿ ನಿಂತ ನನ್ನನ್ನು ನೋಡಿ ಅವನು ಎದ್ದು ನಿಂತ.

"ಏನ್ರಿ ಸಾವಕಾರ್ರ, ನೀವು ಸೈಕಲ್ ಹತ್ತಿದ್ರ್ಯೋ, ಸೈಕಲ್ಲ ನಿಮ್ಮನ್ನ ಹತ್ತೇತ್ಯೋ?" ಎಂದ. ಹಿಂದೆ ಬಂದ ನೀಲವ್ವನನ್ನು ಕಂಡು ಅವನ ದನಿ ಬದಲಾಯಿತು. "ಬಾ ನಮ್ಮವ್ವ, ಒಳಗ ಬಾ. ಕೂಸಿನ್ನ ಬೆಂಕಿ ಹಂತೇಲೆ ಹಿಡಿ."

ನನ್ನ ಬನಿಯನ್ನಿಗೆ ಅಂಟಿದ್ದ ಪೇಪರನ್ನು ಸುಲಿದಾಗ ಅಕ್ಷರಗಳೆಲ್ಲ ಉಲ್ಟಾ ಆಗಿ ಎದೆಯ ಮೇಲೆ ಮೂಡಿದ್ದವು. ಕಲ್ಲಪ್ಪ ಬಗ್ಗಿ ನೋಡಿ, "ಹತ್ತಿ ಧಾರಣಿ ಏರೇತೇನ್ರಿ ನಿಮ್ಮ ಎದಿ ಮ್ಯಾಲೆ?" ಎಂದ. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅವನ ಕೈ ಹಿಡಿದು ಬೇಡಿದೆ, "ಕಾಕಾ, ಚಕ್ಕಡಿ ಹೂಡ್ರಿ. ಕೂಸು ಸಣ್ಣದೈತಿ. ರೋಡಿನ ತನಕ ಬಿಟ್ರ ಸಾಕು."

ಕಲ್ಲಪ್ಪ ಎತ್ತುಗಳನ್ನು ನೋಡಿದ, ಕೂಸನ್ನು ನೋಡಿದ. "ಆಗೂದಿಲ್ರಿ. ಇವತ್ತ ಬಸವಣ್ಣಗ ಸೂಟಿ. ನನಗೇನ ಸೂಟಿ ಇಲ್ಲ" ಎಂದವನೇ, ಮಳೆ ತುಸು ಇಳಿದದ್ದೇ ತಡ, ನನ್ನ ಸೈಕಲ್ಲನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಮನುಷ್ಯ ಹೊರಬಹುದು, ಎತ್ತು ಹೊರಬಾರದು. ನಾನು ಕೂಸನ್ನು ಹೊತ್ತೆ. ರೋಡು ಮುಟ್ಟುವ ತನಕ ಅವನು ಎತ್ತುಗಳ ಸ್ವಭಾವ ಹೇಳುತ್ತ ನಡೆದ. ನಾನು ಹೂಂಗುಟ್ಟುತ್ತ ಕೂಸಿನ ಮೂಗಿನ ಕೆಳಗೆ ಬೆರಳಿಟ್ಟುಕೊಂಡು ನಡೆದೆ. ಬೆರಳಿಗೆ ಉಸಿರು ತಾಗುತ್ತಿತ್ತು. ಆದರೂ ಬೆರಳು ತೆಗೆಯಲಿಲ್ಲ. ರೋಡಿನ ಮೇಲೆ ಒಂದು ಲಾರಿ ಸಿಕ್ಕಿತು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು.

ಮರುದಿನ ಬೆಳಿಗ್ಗೆ ನಾನು ನ್ಯುಮೋನಿಯಾದ ದಾರಿ ಕಾಯುತ್ತ ಎರಡು ಕೌದಿಯೊಳಗೆ ಮಲಗಿದ್ದೆ. ಅದು ಬರಲಿಲ್ಲ. ಬಂದದ್ದು ಅವ್ವನ ಕೂಗು: "ಕೂಸಿನ ಮೈ ನೋಡ ಬಾರೋ!" ಕೌದಿ ಒದ್ದು ಓಡಿದೆ. ಕೂಸಿನ ಬೆನ್ನು, ಕೊರಳು, ಕಂಕುಳು ಎಲ್ಲ ಕೆಂಪು ಗುಳ್ಳೆ. ಪಕ್ಕದ ಓಣಿಯಲ್ಲಿದ್ದ ನರ್ಸಬಾಯಿಯನ್ನು ಬರಿಗಾಲಲ್ಲೇ ಓಡಿಹೋಗಿ ಕರೆತಂದೆ. ಅವರು ಕೂಸನ್ನು ಮಗುಚಿ ನೋಡಿದರು, ನನ್ನನ್ನು ನೋಡಿದರು, ಮತ್ತೆ ಕೂಸನ್ನು ನೋಡಿದರು.

"ಥಂಡಿ ಗಿಂಡಿ ಏನೂ ಆಗಿಲ್ರಿ. ಇವು ಬೆವರಗುಳ್ಳಿ. ಇಂಥಾ ಚಳ್ಯಾಗ ಕೂಸಿಗೆ ಬೆವರಗುಳ್ಳಿ ಎದ್ದಿದ್ದ ನಾ ಇವತ್ತ ನೋಡಿದ್ನಿ. ಏನ ಹೊಚ್ಚಿದ್ರಿ ಇದಕ್ಕ?"

ನಾನು ಒಂದೊಂದಾಗಿ ಹೇಳಿದೆ. ಹೇಳುತ್ತ ಹೋದಂತೆ ನರ್ಸಬಾಯಿ ಬಾಯಿಗೆ ಕೈ ಅಡ್ಡ ಹಿಡಿದರು. ಅವರು ಹೋದ ಮೇಲೆ ನೀಲವ್ವ ಕೂಸಿನ ಮೈಮೇಲಿದ್ದದ್ದನ್ನೆಲ್ಲ ಬಿಚ್ಚಿ, ತೆಳುವಾದ ಒಂದು ಬಟ್ಟೆಯ ಮೇಲೆ ಮಲಗಿಸಿದಳು. ಕೂಸು ಕೈಕಾಲು ಬಡಿಯುತ್ತ ಕೇಕೆ ಹಾಕಿತು. ಆಕೆ ನನ್ನ ಕಡೆ ತಿರುಗದೆಯೇ, "ಥಂಡಿಯಿಂದೇನೋ ಉಳಿಸಿದ್ರಿ. ನಿಮ್ಮಿಂದ ಇದನ್ನ ಯಾರ ಉಳಿಸಬೇಕ್ರಿ?" ಎಂದಳು.

ನಾನಾಗಲೇ ಎದ್ದು ಕಿಟಕಿಯ ಹತ್ತಿರ ಹೋಗಿ, ಸಪ್ಪಳವಾಗದಂತೆ ಅದನ್ನು ಮುಚ್ಚುತ್ತಿದ್ದೆ.