ಉಪ್ಪು ನೋಡದ ಭಾವನ ಜಂಬಲಾಯ

ಮೆಲಾಕಾದಲ್ಲಿರುವ ನನ್ನ ಭಾವ, ಅಂದರೆ ಅಕ್ಕನ ಗಂಡ, ಬಹಳ ಒಳ್ಳೆಯ ಅಡುಗೆಯವರು. ಆದರೆ ಅವರ ಅಡುಗೆ ಹೇಗಾಗಿದೆಯೆಂದು ಮನೆಯಲ್ಲಿ ಕಟ್ಟಕಡೆಗೆ ಗೊತ್ತಾಗುವುದು ಅವರಿಗೇ! ಒಲೆಯ ಮುಂದೆ ನಿಂತವರು ಒಂದು ತೊಟ್ಟನ್ನೂ ಅಂಗೈಗೆ ಹಾಕಿಕೊಂಡು ಉಪ್ಪು ನೋಡುವುದಿಲ್ಲ. ಎಲ್ಲರಿಗೂ ಬಡಿಸಿ, ಎಲ್ಲರ ಮುಖ ನೋಡಿ, ಆಮೇಲೆ ತಮ್ಮ ತಟ್ಟೆ ಎಳೆದುಕೊಳ್ಳುತ್ತಾರೆ. ವೃತ್ತಿಯಲ್ಲಿ ಅವರು ಮೆಡಿಕಲ್ ಕಾಲೇಜಿನಲ್ಲಿ ಔಷಧಶಾಸ್ತ್ರದ ಮೇಷ್ಟ್ರು. ಹುಟ್ಟಿದ್ದು ಮಾತ್ರ ಉಡುಪಿಯ ಅಡುಗೆಭಟ್ಟರ ಮನೆಯಲ್ಲಿ. ದೇವರ ನೈವೇದ್ಯಕ್ಕೆ ಮುಂಚೆ ಬಾಯಿಗೆ ಹಾಕಿಕೊಂಡರೆ ಎಂಜಲು ಅನ್ನುವ ಅಜ್ಜನ ಪಾಠ ಸಮುದ್ರ ದಾಟಿ ಮಲೇಷ್ಯಾಕ್ಕೂ ಬಂದಿದೆ.

"ಭಾವ, ನೀವು ಈರುಳ್ಳಿ ಹಾಕಿದ್ದನ್ನು ದೇವರಿಗೆ ಇಡೋದೇ ಇಲ್ವಲ್ಲ, ಮತ್ಯಾಕೆ ಈ ಮಡಿ?" ಅಂತ ನಾನೊಮ್ಮೆ ಕೆಣಕಿದ್ದೆ.

"ಉಣ್ಣುವವರು ಕಾಯ್ತಾ ಕೂತಿರುವಾಗ ಅವರಿಗಿಂತ ಮೊದಲು ನಾನು ಬಾಯಿಗೆ ಹಾಕಿಕೊಂಡ್ರೆ ಆಗ್ತದಾ ಮಾರಾಯ್ತಿ?" ಅಂದರು.

ಉಪ್ಪು ಸರಿಯಾಗಿದೆಯೋ ಇಲ್ಲವೋ ಎಂದು ಅವರು ಪಾತ್ರೆಯ ಸದ್ದಿನಿಂದ ತಿಳಿಯುತ್ತಾರಂತೆ! ಮುಚ್ಚಳಕ್ಕೆ ಕಿವಿ ಕೊಟ್ಟು ಕಣ್ಣು ಮುಚ್ಚಿ ನಿಂತರೆಂದರೆ ರೋಗಿಯ ಎದೆ ಪರೀಕ್ಷೆ ಮಾಡುತ್ತಿದ್ದಾರೆ ಅನ್ನಬೇಕು. ಒಂದು ಗಣೇಶನ ಹಬ್ಬಕ್ಕೆ ಇಲ್ಲಿನ ಕನ್ನಡದವರೆಲ್ಲ ಸೇರಿದ್ದಾಗ ಬೆಂಗಳೂರಿನ ಮಹಾಶಯರೊಬ್ಬರು ಕುದಿಯುವ ಸಾರಿಗೆ ಸೌಟು ಅದ್ದಿ ನೆಕ್ಕಿಬಿಟ್ಟರು. ಭಾವ ಅರವತ್ತು ಜನರ ಸಾರನ್ನು ಪಕ್ಕಕ್ಕಿಟ್ಟು ಹೊಸದಾಗಿ ಬೇಳೆ ತೊಳೆದರು. ನಾವು ಉಂಡಿದ್ದು ಮಧ್ಯಾಹ್ನ ಮೂರು ಗಂಟೆಗೆ, ಪಕ್ಕಕ್ಕಿಟ್ಟ ಸಾರನ್ನು ಸಂಜೆ ಎಲ್ಲರೂ ಮನೆಗೆ ತಪಾವ್, ಅಂದರೆ ಇಲ್ಲಿಯ ಮಾತಿನಲ್ಲಿ ಪಾರ್ಸೆಲ್, ಕಟ್ಟಿಕೊಂಡು ಹೋದೆವು.

ಇಂಥವರ ಅಡುಗೆಯಲ್ಲೂ ತಪ್ಪು ಹುಡುಕುವವಳು ಒಬ್ಬಳಿದ್ದಳು. ಅವಳೇ ನಮ್ಮಕ್ಕ. ಮೈಸೂರಿನ ನಾಲಿಗೆ! ಕೂಟಿಗೆ ಇಂಗು ಸಾಲದು, ಗೊಜ್ಜಿಗೆ ಬೆಲ್ಲ ಹೆಚ್ಚು, ಪಲ್ಯಕ್ಕೆ ಇಷ್ಟೇಕೆ ತೆಂಗಿನಕಾಯಿ ಎಂದು ಮೊದಲ ತುತ್ತಿಗೇ ಶುರು. ಭಾವ ಅಜ್ಜನಿಂದ ಹಿಡಿದು ಮುತ್ತಜ್ಜನವರೆಗೆ ಸಾಕ್ಷಿ ಕರೆದು ವಾದಿಸುತ್ತಿದ್ದರು. ಇಪ್ಪತ್ತೆರಡು ವರ್ಷ ಆ ಮನೆಯಲ್ಲಿ ಒಂದು ಊಟವೂ ವಾದವಿಲ್ಲದೆ ಮುಗಿದಿದ್ದನ್ನು ನಾನು ಕಂಡಿಲ್ಲ.

ಹೋದ ವರ್ಷ ಅಕ್ಕನಿಗೆ ಕಾಯಿಲೆ ಬಂತು. ಕೀಮೋ ಆಯಿತು. ಕೂದಲು ಹೋಯಿತು, ಜೊತೆಗೆ ನಾಲಿಗೆಯ ರುಚಿಯೂ ಹೋಯಿತು. ಅನ್ನ, ಮೊಸರು, ಮಾವಿನಹಣ್ಣು ಎಲ್ಲವೂ ಅವಳಿಗೆ ಒದ್ದೆ ಕಾಗದ ಅಗಿದ ಹಾಗೆ. ಕೆಲವು ತಿಂಗಳಲ್ಲಿ ರುಚಿ ವಾಪಸ್ಸು ಬರುತ್ತದೆ, ಕೆಲವರಿಗೆ ಪೂರ್ತಿ ಬರುವುದಿಲ್ಲ ಎಂದರು ಡಾಕ್ಟರು. ಅವಳು ಉಣ್ಣುವುದನ್ನೇ ಬಿಟ್ಟಿದ್ದಳು. ತೂಕ ಇಳಿಯುತ್ತಲೇ ಹೋಯಿತು.

ಆಗ ಭಾವನಿಗೆ ಜಂಬಲಾಯ ಹೊಳೆಯಿತು. ಅದು ಅಮೆರಿಕದ ನ್ಯೂ ಆರ್ಲಿಯನ್ಸ್ ಕಡೆಯ ಕ್ರಿಯೋಲ್ ಜನರ ಖಾರದ ಅನ್ನ. ಎಲ್ಲವೂ ಒಂದೇ ಪಾತ್ರೆಯಲ್ಲಿ ಬೇಯಬೇಕು. ಆ ಊರಿನ ಸಹೋದ್ಯೋಗಿಯೊಬ್ಬರು ಹಿಂದೆ ಇವರಿಗೆ ಹೇಳಿಕೊಟ್ಟಿದ್ದರು. ಖಾರ ಎನ್ನುವುದು ರುಚಿಯಲ್ಲ, ಉರಿ. ರುಚಿ ಸತ್ತ ನಾಲಿಗೆಗೂ ಉರಿ ಗೊತ್ತಾಗುತ್ತದೆ ಎನ್ನುವುದು ಭಾವನ ಲೆಕ್ಕಾಚಾರ. ಡಾಕ್ಟರ ಒಪ್ಪಿಗೆಯೂ ಸಿಕ್ಕಿತು. ಮೂಲದಲ್ಲಿ ಹಂದಿಯ ಸಾಸೇಜು, ಸಿಗಡಿ ಇರುವ ಜಾಗಕ್ಕೆ ಇಲ್ಲಿನ ಸೋಯಾದ ತೆಂಪೆ ಬಂತು. ಅವರ ಮೆಣಸಿನಪುಡಿಯ ಜಾಗಕ್ಕೆ ಬ್ಯಾಡಗಿ ಬಂತು. ಈರುಳ್ಳಿ, ದಪ್ಪಮೆಣಸಿನಕಾಯಿ, ಸೆಲರಿ ಹುರಿದು, ಟೊಮೇಟೊ ಬಾಡಿಸಿ, ಅಕ್ಕಿ ಸುರಿದು ಮುಚ್ಚಳ ಹಾಕಿದರೆಂದರೆ ಮನೆಯವರೆಲ್ಲ ಕೆಮ್ಮಬೇಕು. ಅಕ್ಕ ಮಾತ್ರ ಮೂಗೊರೆಸಿಕೊಳ್ಳುತ್ತ ಅರ್ಧ ತಟ್ಟೆ ಉಂಡಳು. ಅಂದಿನಿಂದ ಪ್ರತಿ ಭಾನುವಾರ ಜಂಬಲಾಯ, ಪ್ರತಿ ಭಾನುವಾರ ನಾನಿರುವ ಸೈಬರ್‌ಜಯಾದಿಂದ ಕಾರು ಓಡಿಸಿಕೊಂಡು ನಾನೂ ಹಾಜರು.

ಒಂದು ಭಾನುವಾರ ಭಾವ ಉಪ್ಪನ್ನೇ ಹಾಕಲಿಲ್ಲ. ಅಳೆದಿಟ್ಟ ಉಪ್ಪಿನ ಬಟ್ಟಲು ಮುಚ್ಚಳದ ಹಿಂದೆ ಮರೆಯಾಗಿತ್ತು. ಪಾತ್ರೆಯ ಸದ್ದೂ ಆವತ್ತು ಕೈಕೊಟ್ಟಿತ್ತು. ರುಚಿ ನೋಡುವ ಅಭ್ಯಾಸವಿಲ್ಲವಲ್ಲ, ಗೊತ್ತಾಗುವುದಾದರೂ ಹೇಗೆ? ನಾನೂ ಅಕ್ಕನ ಮಗಳೂ ಒಂದು ತುತ್ತು ತಿಂದು ಮುಖ ಮುಖ ನೋಡಿಕೊಂಡೆವು. ಅಕ್ಕ ತಟ್ಟೆ ಖಾಲಿ ಮಾಡಿ, "ಇವತ್ತು ತುಂಬಾ ಚೆನ್ನಾಗಿದೆ ಕಣ್ರೀ" ಅಂದಳು. ಕೊನೆಯಲ್ಲಿ ಭಾವ ತಾವು ಒಂದು ತುತ್ತು ಬಾಯಿಗಿಟ್ಟರು. ಅಗಿಯುವುದು ನಿಂತಿತು. ಅಕ್ಕನ ಮುಖವನ್ನೊಮ್ಮೆ ನೋಡಿ ತಲೆ ತಗ್ಗಿಸಿಕೊಂಡು ಊಟ ಮುಗಿಸಿದರು.

ಪಾತ್ರೆ ತೊಳೆಯುವಾಗ ನನ್ನ ಹತ್ತಿರ ಮೆಲ್ಲನೆ ಹೇಳಿದರು. "ಇಪ್ಪತ್ತೆರಡು ವರ್ಷ ನನ್ನ ಅಡುಗೆಯಲ್ಲಿ ತಪ್ಪು ಹುಡುಕಿದವಳು. ಈಗ ಎಂತ ಹಾಕಿದ್ರೂ ಚೆನ್ನಾಗಿದೆ ಅಂತಾಳೆ. ನಂಗೆ ಹೆದರಿಕೆ ಆಗ್ತದೆ."

ನಾನು ತೊಳೆದಿಟ್ಟ ತಟ್ಟೆಯನ್ನೇ ಮತ್ತೊಮ್ಮೆ ತೊಳೆದೆ.

ಕೇಳಿದರೆ ಅವಳು ನಿಜ ಹೇಳುವುದಿಲ್ಲ, ಆದ್ದರಿಂದ ಪರೀಕ್ಷೆಯೇ ದಾರಿ ಎಂದು ಮೇಷ್ಟ್ರು ತೀರ್ಮಾನಿಸಿದರು. ಇನ್ನು ವಾರಕ್ಕೊಂದು ತಪ್ಪನ್ನು ಬೇಕೆಂದೇ ಮಾಡುವುದು. ರುಚಿ ಮರಳಿದ ದಿನ ಅವಳೇ ಬಯ್ಯುತ್ತಾಳೆ. ಅಲ್ಲಿಯವರೆಗೆ ನಾನೂ ಮಗಳೂ ತುಟಿ ಪಿಟಕ್ಕೆನ್ನದೆ ಉಣ್ಣಬೇಕು! ನೋಡಿ, ಅಡುಗೆಭಟ್ಟರ ಮೊಮ್ಮಗ ಬೇಕೆಂದು ಅಡುಗೆ ಕೆಡಿಸುವುದೆಂದರೆ ಸಣ್ಣ ಮಾತೇ? ಪ್ರತಿ ಸಲ ಕೈ ತೊಳೆದು, ದೇವರ ಪಟದ ಮುಂದೆ ಒಂದು ನಿಮಿಷ ಕಣ್ಣು ಮುಚ್ಚಿ ನಿಂತು, ಆಮೇಲೆ ಕೆಡಿಸುತ್ತಿದ್ದರು. ಮೊದಲ ವಾರ ಎರಡು ನಿಂಬೆಹಣ್ಣು ಹಿಂಡಿದರು. ಅಕ್ಕ, "ಚೆನ್ನಾಗಿದೆ." ಎರಡನೆಯ ವಾರ ಮೆಂತ್ಯದ ಪುಡಿ. "ಚೆನ್ನಾಗಿದೆ." ಮೂರನೆಯ ವಾರ ಗುಲಾ ಮೆಲಾಕಾ, ಅಂದರೆ ಈ ಊರಿನ ಹೆಸರುವಾಸಿ ಬೆಲ್ಲ, ಒಂದು ಇಡೀ ಅಚ್ಚು! ಕ್ಷಣ ತಡೆದು ಅಕ್ಕ ಆವತ್ತೂ ಚೆನ್ನಾಗಿದೆ ಅಂದಳು. ನಾಲ್ಕನೆಯ ವಾರ ಮತ್ತೆ ಮೆಂತ್ಯ, ಮೊದಲಿನದಕ್ಕಿಂತ ಹೆಚ್ಚು. ಅಷ್ಟು ಹೊತ್ತಿಗೆ ಮಗಳು ಕೈ ಚೆಲ್ಲಿದಳು. "ಚಿಕ್ಕಿ, ಐ ರಿಯಲಿ ಕಾಂಟ್ ಲಾ" ಎಂದು ನನ್ನ ಕಿವಿಯಲ್ಲಿ ಗೋಳಾಡಿದಳು. ವಾಪಸ್ಸು ಹೋಗುವ ದಾರಿಯಲ್ಲಿ ಮಾಮಕ್, ಅಂದರೆ ತಮಿಳು ಮುಸ್ಲಿಮರ ಹೋಟೆಲಿನ ಮುಂದೆ ಕಾರು ನಿಲ್ಲಿಸಿ ಪರೋಟದಂಥ ರೋಟಿ ಚಾನಾಯ್ ತಿನ್ನುವುದು ನನಗೂ ರೂಢಿಯಾಗಿತ್ತು. ಭಾವ ಮಾತ್ರ ಕೆಡಿಸಿದ್ದನ್ನು ಕೊನೆಯ ಅಗುಳಿನವರೆಗೂ ಉಣ್ಣುತ್ತಿದ್ದರು. ಆ ನಾಲ್ಕು ವಾರದಲ್ಲಿ ಅವರೂ ಇಳಿದುಹೋದರು.

ಐದನೆಯ ಭಾನುವಾರ ಮೂರು ಪಟ್ಟು ಉಪ್ಪು. ನನಗೆ ಕಣ್ಣಲ್ಲಿ ನೀರು ಬಂತು. ಅಕ್ಕ ಒಂದೇ ಸಮನೆ ಉಣ್ಣುತ್ತಿದ್ದಳು. ಒಂದು ಲೋಟ ನೀರು ಕುಡಿದಳು, ಇನ್ನೊಂದು ಬಗ್ಗಿಸಿಕೊಂಡಳು, ಮೂರನೆಯದಕ್ಕೆ ಕೈ ಚಾಚಿದಳು. ಭಾವ ಜಗ್ಗು ಹಿಡಿದುಕೊಂಡೇ ಕೇಳಿದರು.

"ಖಾರ ಹೆಚ್ಚಾಯ್ತಾ?"

ಅಕ್ಕ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ತಟ್ಟೆ ನೋಡುತ್ತ, "ಖಾರ ಅಲ್ಲ ರೀ. ಉಪ್ಪು" ಅಂದಳು.

ಭಾವ ಜಗ್ಗು ಕೆಳಗಿಟ್ಟು ಕುರ್ಚಿಯಲ್ಲಿ ಕೂತರು. ಯಾವಾಗಿನಿಂದ ಎಂದು ಕೇಳಿದರು.

"ಬೆಲ್ಲ ಹಾಕಿದ್ರಲ್ಲ, ಆವತ್ತಿಂದ. ಮೊದಲು ನಂಬಿಕೆ ಬರ್ಲಿಲ್ಲ. ಆಮೇಲೆ, ನನ್ನ ಚಿಂತೆ ಮಾಡಿ ಮಾಡಿ ಇವರ ಕೈರುಚಿಯೇ ಹೋಯ್ತಲ್ಲಪ್ಪ ಅಂದ್ಕೊಂಡೆ. ಇಷ್ಟು ದಿನ ನನ್ನ ವಾಂತಿ ಬಳಿದವರಿಗೆ ಅನ್ನ ಚೆನ್ನಾಗಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

ನಾವು ಅವಳಿಗಾಗಿ ಬಾಯಿ ಮುಚ್ಚಿಕೊಂಡು ಉಂಡಿದ್ದರೆ ಅವಳು ಭಾವನಿಗಾಗಿ ಬಾಯಿ ಮುಚ್ಚಿಕೊಂಡು ಉಂಡಿದ್ದಳು! ಮಗಳು ನಗಲು ಹೋಗಿ ಅತ್ತಳು. ಭಾವ ಕಣ್ಣು ಒರೆಸಿಕೊಳ್ಳಲಿಲ್ಲ, ಸುರಿಯುವುದು ಸುರಿಯಲಿ ಎಂದು ಬಿಟ್ಟಿದ್ದರು. ಕುರ್ಚಿಯನ್ನು ಅಕ್ಕನ ಹತ್ತಿರಕ್ಕೆ ಎಳೆದುಕೊಂಡರು.

"ಮತ್ತೆ? ಇನ್ನೆಂತ ತಪ್ಪುಂಟು, ಹೇಳು."

"ಹೋಗ್ಲಿ ಬಿಡಿ."

"ಇಲ್ಲ, ಹೇಳು."

"ತೆಂಪೆ ಸರಿಯಾಗಿ ಹುರಿದಿಲ್ಲ. ಅನ್ನ ಮುದ್ದೆಯಾಗಿದೆ. ಸೆಲರಿಯಂತೂ ಯಾವ ಕಾಲಕ್ಕೂ ಬೇಡ."

ಇವು ಮೂರೂ ಪರೀಕ್ಷೆಯ ತಪ್ಪುಗಳಲ್ಲ, ಭಾವನ ಸ್ವಂತ ತಪ್ಪುಗಳು. ಅಜ್ಜನನ್ನೂ ಮುತ್ತಜ್ಜನನ್ನೂ ಅವರು ಆವತ್ತು ಸಾಕ್ಷಿಗೆ ಕರೆಯಲಿಲ್ಲ. ಹೌದು ಹೌದು ಎಂದು ತಲೆಯಾಡಿಸುತ್ತ, ಮತ್ತೆ ಮತ್ತೆ ಎಂದು ಕೇಳುತ್ತಲೇ ಇದ್ದರು, ಅಕ್ಕ ಹೇಳುತ್ತಲೇ ಇದ್ದಳು. ನಾನು ನನ್ನ ತಟ್ಟೆಯ ಉಪ್ಪುಪ್ಪು ಜಂಬಲಾಯವನ್ನು ಒಂದು ಅಗುಳೂ ಬಿಡದೆ ಉಂಡೆ.